ಜಯಕ್ಕ ಹಾಕಿದ ಖಾಲಿ ಪಂಕ್ತಿ

ಜಯಕ್ಕನವರೊಡನೆ ನನ್ನ ಮೊದಲ ಮಾತುಕತೆ ನಿಗದಿಯಾದದ್ದು ಅವರ ಶಾಲೆಯ ಶಿವಲಕ್ಷ್ಮಿ ಟೀಚರ್ ಮೂಲಕ. ಆಂಧ್ರದ ಗಡಿಯಲ್ಲಿ, ಕೋಸಗಿ ಸಮೀಪದ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ಹದಿನಾಲ್ಕು ವರ್ಷಗಳಿಂದ ಮಧ್ಯಾಹ್ನದ ಅಡುಗೆ ಮಾಡುತ್ತಿರುವ ಜಯಕ್ಕ, "ಅನ್ನ ಆದಮ್ಯಾಗ ಬರ್ರಿ. ಮುಂಚೆ ಬಂದ್ರ ಉಳ್ಳಾಗಡ್ಡಿ ಹೆಚ್ಚಾಕ ಕುಂದರಸ್ತೀನಿ" ಎಂದು ಹೇಳಿ ಕಳುಹಿಸಿದ್ದರು.

ಅಂದು ಅವರು ಹೇಳಿದ್ದು ವಿಡಿಯೋ ಮಾಡಿದ ದಿನದ ಕಥೆ. ಹತ್ತಿ ಬಿಡಿಸಲು ತೆಲಂಗಾಣಕ್ಕೆ ಗುಳೆ ಹೋಗುವವರು ಮಕ್ಕಳನ್ನೂ ಕರೆದೊಯ್ಯುತ್ತಾರೆ. ಅಂಥ ಮಕ್ಕಳು ಊರಲ್ಲೇ ಉಳಿದು ಓದಲು ಗುಳೆ ಹಂಗಾಮಿನ ಹಾಸ್ಟೆಲ್ ಬೇಕು. ಅದಕ್ಕಾಗಿ ಬರಿದಾದ ತರಗತಿಯನ್ನು ಮೂರು ನಿಮಿಷದ ವಿಡಿಯೋದಲ್ಲಿ ಅಧಿಕಾರಿಗಳಿಗೆ ತೋರಿಸುವುದು ಟೀಚರ್ ಯೋಜನೆ. ಒಂದೇ ಕೋಣೆಯ ಮನೆಯಲ್ಲಿ ಆಗಲೇ ಮೂವರು ಮೊಮ್ಮಕ್ಕಳನ್ನು ಇಟ್ಟುಕೊಂಡಿದ್ದ ಜಯಕ್ಕನಿಗೆ ನಾಲ್ಕನೆಯ ಮೊಮ್ಮಗಳು ಹಾರಿಕಾಳನ್ನೂ ನಿಲ್ಲಿಸಿಕೊಳ್ಳಲಾಗಿರಲಿಲ್ಲ. ಹಾಸ್ಟೆಲ್ ಆದರೆ ಅವಳು ಹತ್ತಿ ಹೊಲದಿಂದ ವಾಪಸು ಬರುತ್ತಾಳೆ.

ಆ ಬೆಳಿಗ್ಗೆ ಜಯಕ್ಕ ತರಗತಿಯೊಳಗೆ ಇಣುಕಿ ನೋಡಿದರೆ ಬೆಂಚುಗಳೆಲ್ಲ ಭರ್ತಿ. ಶಾಲಾ ಸಮಿತಿಯ ಯರ್ರೆಪ್ಪನವರು ಪಕ್ಕದೂರಿನ ನೆಂಟರ ಮಕ್ಕಳಿಗೆ ತಲೆ ಬಾಚಿಸಿ, ಎರಡು ಆಟೋ ತುಂಬ ತಂದು ಕೂರಿಸಿದ್ದರು.

"ನಾಕು ಮಂದಿ ನೋಡೋ ವಿಡಿಯೋ, ಜಯಕ್ಕ. ಬರೇ ಬೆಂಚು ತೋರಿಸಿದ್ರ ಊರ ಮರ್ಯಾದಿ ಏನಾಗಬೇಕು?"

"ಹೆಣ್ಣು ನೋಡಾಕ ಬರಾಕತ್ತಾರೇನಣ್ಣ? ತುಂಬಿದ ಸಾಲಿ ಕಂಡ್ರ, ಹಾಸ್ಟೆಲ್ ಯಾಕಂತಾರ."

ಯರ್ರೆಪ್ಪನವರು ತಲೆ ಕೆರೆದುಕೊಂಡರು. "ಅವುನು ಗದಾ, ಹೌದಲ್ಲ, ಅದು ಹೊಳೀಲಿಲ್ಲ ನೋಡು."

ನೆಂಟರ ಮಕ್ಕಳಿಗೆ ಬೇವಿನ ಮರದಡಿ ಉಪ್ಪಿಟ್ಟಾಯಿತು. ಜಯಕ್ಕ ಅಡುಗೆಕೋಣೆಯಿಂದ ಗುಳೆ ಹೋದ ಮಕ್ಕಳ ತಾಟುಗಳನ್ನು ತಂದು ಪಡಸಾಲೆಯುದ್ದಕ್ಕೂ ಪಂಕ್ತಿಯಂತೆ ಇಟ್ಟರು, ಮೂವತ್ತೊಂದು. ಓದು ಬಾರದ ಅವರಿಗೆ ಯಾವ ತಾಟು ಯಾರದೆಂಬುದಕ್ಕೆ ಅದರ ನೆಗ್ಗುಗಳೇ ಗುರುತು. ಟೀಚರ್ ಫೋನು ಹಿಡಿದರು. ಜಯಕ್ಕ ಒಂದೊಂದೇ ತಾಟು ಮುಟ್ಟಿ ತೋರಿಸಿದರು.

"ಇದು ಗಾದಿಲಿಂಗಂದು, ಸಾರು ಎರಡು ಸಲ ಹಾಕಿಸಿಕೊಳ್ಳಾಂವ. ಇದು ನಮ್ಮ ಹಾರಿಕಾಂದು, ಬದನಿಕಾಯಿ ಕಂಡ್ರ ಮಾರಿ ತಿರುವಾಕಿ. ಇವರಿಗೆಲ್ಲ ನಾನು ಅಡಿಗಿ ಮಾಡತೀನಿ ಸಾಹೇಬ್ರ, ನೀವು ಮಲಗಾಕ ಜಾಗ ಕೊಡ್ರಿ."

ಟೀಚರ್ ಅದನ್ನು ಅಧಿಕಾರಿಗಳಿಗೆ ಕಳುಹಿಸಿ, ಊರಿನ ವಾಟ್ಸಾಪ್ ಗುಂಪಿಗೂ ಹಾಕಿದರು. ಸಂಜೆಯೊಳಗೆ ವಿಡಿಯೋ ಆದೋನಿ ದಾಟಿ ಹತ್ತಿ ಹೊಲಗಳಿಗೂ ಮುಟ್ಟಿತ್ತು. ತೆಲಂಗಾಣದಿಂದ, ಅಜ್ಜಿಯನ್ನು ಅವ್ವ ಎಂದೇ ಕರೆಯುವ ಹಾರಿಕಾಳ ಫೋನು ಬಂತು: "ಅವ್ವ, ಬದನಿಕಾಯಿ ಸುದ್ದಿ ಎಲ್ಲರಿಗೂ ಯಾಕ ಹೇಳ್ದಿ?"

ಜಯಕ್ಕ ನಕ್ಕು ನಕ್ಕು ಕಟ್ಟೆಯ ಮೇಲೆ ಕುಳಿತುಬಿಟ್ಟರಂತೆ.

ಶಾಲೆಯ ದಾಖಲೆಯಿಂದ: ೨೦೨೪ ಡಿಸೆಂಬರ್ ೯, ಸೋಮವಾರ. ಹಂಗಾಮಿನ ಹಾಸ್ಟೆಲ್ ಆರಂಭ. ಮೊದಲ ರಾತ್ರಿ ಉಳಿದ ಮಕ್ಕಳು ಹತ್ತೊಂಬತ್ತು, ಹಾರಿಕಾ ಸೇರಿ.