ಮೂರನೇ ದಿಬ್ಬದ ಹಳದಿ ಬಾವುಟ

ಉಮಾಶ್ರೀಗೆ ಬೈಕು ಹೊಸದಾಗಿರಲಿಲ್ಲ. ಹುಬ್ಬಳ್ಳಿಯ ಹಳೇ ಬಸ್‌ಸ್ಟ್ಯಾಂಡಿನ ಹಿಂದೆ ಅವಳಪ್ಪ ಬಸವಂತಪ್ಪನವರ ಗ್ಯಾರೇಜಿತ್ತು. ಓಣಿಯ ಜನ ಏನೇ ಅಂದುಕೊಳ್ಳಲಿ, ರಿಪೇರಿಯಾದ ಗಾಡಿಗಳನ್ನು ಒಂದು ಸುತ್ತು ಓಡಿಸಿ ನೋಡುವ ಕೆಲಸ ಹದಿನಾರನೇ ವಯಸ್ಸಿಗೇ ಮಗಳದಾಗಿತ್ತು. ಎಂಬತ್ತೆಂಟನೇ ಇಸವಿಯಲ್ಲಿ ಶಶಿಧರನನ್ನು ಮದುವೆಯಾಗಿ ಕಡಲಾಚೆಯ ಮಿಲ್ಪಿಟಾಸ್ ಎಂಬ ಊರಿಗೆ ಬಂದಳು. ಸರ್ಕ್ಯೂಟ್ ಬೋರ್ಡಿಗೆ ಬೆಸುಗೆ ಹಾಕುವ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ಪಕ್ಕದ ಮೇಜಿನವಳು ತೆರೆಸಿತಾ, ಫಿಲಿಪ್ಪೀನ್ಸಿನಿಂದ ಬಂದವಳು. ಒಂದು ದಿನ ಊಟದ ಹೊತ್ತಿನಲ್ಲಿ ಬೈಕಿನ ಮಾತು ಬಂತು. ಮುಂದಿನ ಭಾನುವಾರವೇ ತೆರೆಸಿತಾ ಅವಳನ್ನು ಲಿವರ್‌ಮೋರ್ ಆಚೆಯ ಒಣ ಗುಡ್ಡಗಳಿಗೆ ಕರೆದುಕೊಂಡು ಹೋದಳು. ಅಲ್ಲಿ ಮಣ್ಣಿನ ಟ್ರ್ಯಾಕಿನ ಮೇಲೆ ದಿಬ್ಬದಿಂದ ದಿಬ್ಬಕ್ಕೆ ಹಾರುವ ಮೋಟೋಕ್ರಾಸ್ ರೇಸು ನಡೆಯುತ್ತಿತ್ತು. ಹೆಂಗಸರಿಗೂ ಒಂದು ಪಂದ್ಯವಿತ್ತು.

ನಾಲ್ಕು ವರ್ಷ ಇಬ್ಬರೂ ಒಂದೇ ಪಿಕಪ್ಪಿನಲ್ಲಿ ಬೈಕು ಹೇರಿಕೊಂಡು ಹೋಗಿ ಬಂದರು. ಆ ನಾಲ್ಕು ವರ್ಷದಲ್ಲಿ ಉಮಾಶ್ರೀ ಒಮ್ಮೆಯೂ ತೆರೆಸಿತಾಳನ್ನು ಹಿಂದೆ ಹಾಕಲಿಲ್ಲ. ಅದು ಒಳಗೊಳಗೇ ಅವಳನ್ನು ಕುಟುಕುತ್ತಿತ್ತು.

ತೊಂಬತ್ತಮೂರರ ಸೆಪ್ಟೆಂಬರಿನಲ್ಲಿ ಆ ವರ್ಷದ ಕೊನೆಯ ಪಂದ್ಯ. ಕೊನೆಯ ಸುತ್ತಿನಲ್ಲಿ ತೆರೆಸಿತಾ ಎಲ್ಲರಿಗಿಂತ ಮುಂದೆ, ಅವಳ ಬೆನ್ನಿಗೇ ಉಮಾಶ್ರೀ. ಮೂರನೇ ದಿಬ್ಬ ಹಾರಿದ ತೆರೆಸಿತಾ ಆಚೆ ಬದಿಗೆ ಬಿದ್ದಳು. ಹಿಂದಿನವರಿಗೆ ಅದು ಕಾಣುವುದಿಲ್ಲ. ದಿಬ್ಬದ ಪಕ್ಕ ನಿಂತವನು ಹಳದಿ ಬಾವುಟ ಬೀಸಿದರೆ ಮುಂದೆ ಯಾರೋ ಬಿದ್ದಿದ್ದಾರೆ, ಹಾರಬಾರದು, ನಿಧಾನ ಮಾಡಬೇಕು ಎಂದರ್ಥ. ಅಂದು ನಿಂತಿದ್ದವನು ವಾಲ್ಟರ್, ಎಷ್ಟೋ ವರ್ಷದಿಂದ ಪುಕ್ಕಟೆಯಾಗಿ ಆ ಕೆಲಸ ಮಾಡುತ್ತಿದ್ದ ನಿವೃತ್ತ ಬಡಗಿ. ಅವನು ಬಾವುಟ ಬೀಸಿದ. ಉಮಾಶ್ರೀ ನೋಡಿದಳು. ಬಿದ್ದವಳು ತೆರೆಸಿತಾ ಅಂತಲೂ ತಿಳಿಯಿತು, ಇಷ್ಟರಲ್ಲಿ ಪಕ್ಕಕ್ಕೆ ಸರಿದಿರುತ್ತಾಳೆ ಅಂತಲೂ ಅಂದುಕೊಂಡಳು. ಇನ್ನು ತಾನೇ ಮೊದಲು. ಆಕ್ಸಿಲರೇಟರು ತಿರುವಿ ಹಾರಿದಳು. ಮುಂದಿನ ಗಾಲಿ ಬಂದು ಇಳಿದದ್ದು ತೆರೆಸಿತಾಳ ಸೊಂಟದ ಮೇಲೆ.

ಆಂಬುಲೆನ್ಸ್ ಹೋದ ಮೇಲೆ ರೇಸು ನಡೆಸುವವರು ಬಂದು, ಬಾವುಟ ಕಂಡಿತೇ ಎಂದು ಕೇಳಿದರು. ಇಲ್ಲ ಎಂಬ ಮಾತು ಬಾಯಿಂದ ತಾನಾಗಿಯೇ ಬಂದುಬಿಟ್ಟಿತು. ಧೂಳಿನಲ್ಲಿ ಬೇರೆ ಯಾರೂ ನೋಡಿರಲಿಲ್ಲ. ಬೀಸಿದ್ದೇನೆ ಎಂದು ವಾಲ್ಟರ್ ಎಷ್ಟು ಹೇಳಿದರೂ, ಗೆಳತಿಯ ರಕ್ತ ಕೈಗವಸಿಗೆ ಮೆತ್ತಿಕೊಂಡು ಅಳುತ್ತಿದ್ದ ಹೆಂಗಸನ್ನೇ ಅವರು ನಂಬಿದರು. ಇನ್ನು ಮೇಲೆ ಬರಬೇಡ ಎಂದು ಅವನಿಗೆ ಹೇಳಿದರು. ಉಮಾಶ್ರೀ ಆಮೇಲೆ ಬೈಕು ಮುಟ್ಟಲಿಲ್ಲ. ತೆರೆಸಿತಾ ಕುಂಟುತ್ತಲೇ ಕೆಲಸಕ್ಕೆ ಮರಳಿದಳು. ಗೆಳೆತನ ಹಾಗೇ ಉಳಿಯಿತು, ಇನ್ನೂ ಗಟ್ಟಿಯಾಯಿತು. ಅದೇ ಉಮಾಶ್ರೀಗೆ ನುಂಗಲಾರದ ತುತ್ತು.

ಮೂವತ್ತೆರಡು ವರ್ಷ ಕಳೆಯಿತು. ಇಬ್ಬರೂ ನಿವೃತ್ತರಾದರು. ಕಳೆದ ಅಕ್ಟೋಬರಿನಲ್ಲಿ ಯೂನಿಯನ್ ಸಿಟಿಯ ಮನೆಯಿಂದ ತೆರೆಸಿತಾಳ ಫೋನು: ಟ್ರ್ಯಾಕಿಗೆ ಐವತ್ತು ವರ್ಷವಂತೆ, ಹಳೇ ರೇಸರುಗಳನ್ನೆಲ್ಲ ಕರೆದಿದ್ದಾರೆ, ಹೋಗಿ ಬರೋಣ. ಉಮಾಶ್ರೀ ಮಂಡಿ ನೋವು ಅಂದಳು, ನೆಂಟರು ಬರುತ್ತಾರೆ ಅಂದಳು. ಸೊಂಟ ಮುರಿದವಳೇ ಬರುತ್ತಿರುವಾಗ ನಿನ್ನದೇನು ಎಂದು ತೆರೆಸಿತಾ ಬಿಡಲಿಲ್ಲ.

ಗುಡ್ಡಗಳು ಅಂದಿನ ಹಾಗೇ ಇದ್ದವು, ಅದೇ ಒಣಹುಲ್ಲಿನ ಬಣ್ಣ. ಪೆಟ್ರೋಲು, ಸುಟ್ಟ ಆಯಿಲು, ಹಸಿಮಣ್ಣು ಕಲೆತ ವಾಸನೆ ಮೂಗಿಗೆ ಬಡಿದದ್ದೇ ಅವಳ ಬಲಗೈ ಬಿಗಿಯಾಯಿತು. ತೆರೆಸಿತಾ ಕೋಲೂರಿಕೊಂಡು ನೆಟ್ಟಗೆ ಮೂರನೇ ದಿಬ್ಬದ ಕಡೆಗೇ ನಡೆದಳು. ಪಂದ್ಯ ಇನ್ನೂ ಶುರುವಾಗಿರಲಿಲ್ಲ. ಕಿತ್ತಳೆ ಬಣ್ಣದ ಮೇಲಂಗಿ ತೊಟ್ಟ ಅರವತ್ತರ ಆಸುಪಾಸಿನ ಹೆಂಗಸೊಬ್ಬಳು ಬಾವುಟ ಹಿಡಿದು ನಿಂತಿದ್ದಳು. ಹೆಸರು ಡಾನಾ ಅಂದಳು. ಹಿಂದೆ ತನ್ನ ತಂದೆ ವಾಲ್ಟರ್ ನಿಲ್ಲುತ್ತಿದ್ದ ಜಾಗವಿದು, ಅವನು ತೀರಿಕೊಂಡು ಆರು ವರ್ಷವಾಯಿತು ಎಂದಳು.

ತೆರೆಸಿತಾಳ ಮುಖ ಗಂಟಿಕ್ಕಿತು. “ನಿಮ್ಮಪ್ಪ ಅವತ್ತು ಬಾವುಟ ಎತ್ತಿದ್ದರೆ ನನಗೆ ಈ ಕೋಲು ಬೇಕಾಗ್ತಿರಲಿಲ್ಲ” ಎಂದಳು.

ಡಾನಾ ಎದುರಾಡಲಿಲ್ಲ. ಕಣ್ಣು ಕೆಳಗೆ ಹಾಕಿಕೊಂಡೇ ಹೇಳಿದಳು: “ಗೊತ್ತು. ಮೊದಮೊದಲು ಅಪ್ಪ ಎತ್ತಿದೆ, ಎತ್ತಿದೆ ಅಂತ ಎಲ್ಲರ ಹತ್ತಿರ ಹೇಳ್ತಿದ್ದ. ಬರಬರುತ್ತಾ ಅವನಿಗೇ ಅನುಮಾನ ಶುರುವಾಯಿತು. ಸಾಯುವ ವರ್ಷ ತನ್ನ ಬಲಗೈ ತೋರಿಸಿ, ಇದು ಅವತ್ತು ಮೇಲೇಳಲಿಲ್ಲ ಡಾನಾ, ಅಂದ. ಅದಕ್ಕೇ ನಾನು ಇಲ್ಲಿ ನಿಲ್ಲುತ್ತೇನೆ.”

ಉಮಾಶ್ರೀ ದಿಬ್ಬದ ಮಣ್ಣನ್ನೇ ನೋಡುತ್ತಿದ್ದಳು. ವಾಲ್ಟರ್ ಎಲ್ಲೋ ಸುಳ್ಳು ಹೇಳಿದವಳನ್ನು ಬೈದುಕೊಂಡು ಬದುಕಿರುತ್ತಾನೆ ಎಂದು ಇಷ್ಟು ವರ್ಷ ಅಂದುಕೊಂಡಿದ್ದಳು. ತಾನು ಹೇಳಿದ ಸುಳ್ಳನ್ನು ಅವನೇ ನಂಬಿಕೊಂಡು ಸತ್ತಿರಬಹುದು ಎಂದು ಒಮ್ಮೆಯೂ ಹೊಳೆದಿರಲಿಲ್ಲ.

“ಎತ್ತಿದ್ದರು” ಎಂದಳು. “ನಾನು ನೋಡಿದೆ. ನೋಡಿಯೇ ಹಾರಿದೆ.”

ತೆರೆಸಿತಾ ಅವಳ ಮುಖವನ್ನು ಒಮ್ಮೆ ನೋಡಿ, ಕೋಲೂರಿಕೊಂಡು ಕಾರಿನತ್ತ ಹೊರಟಳು. ಡಾನಾ ಬಾವುಟವನ್ನು ಅದರ ಕೋಲಿಗೆ ಸುತ್ತಿದಳು. ಅವಳು ಅಳಲಿಲ್ಲ, ಬೈಯಲೂ ಇಲ್ಲ. ಇನ್ನು ಹತ್ತು ನಿಮಿಷಕ್ಕೆ ರೇಸರುಗಳನ್ನೆಲ್ಲ ಸೇರಿಸಿ ನಿಯಮ ಹೇಳುತ್ತಾರೆ, ಅಲ್ಲಿ ಮೈಕಿದೆ, ಈ ಮಾತನ್ನು ಅಲ್ಲಿ ಹೇಳಬೇಕು ಎಂದಳು.

ಉಮಾಶ್ರೀ ಹೇಳಿದಳು. ಮುಂದೆ ನಿಂತ ಇನ್ನೂರು ಜನರಲ್ಲಿ ಅರ್ಧ ಜನ ಅಂದು ಹುಟ್ಟೇ ಇರಲಿಲ್ಲ. ಕೆಲವರು ಫೋನು ನೋಡುತ್ತಿದ್ದರು. ಹಿಂದಿನ ಸಾಲಿನಲ್ಲಿದ್ದ ನಾಲ್ಕೈದು ಮುದುಕರು ಮಾತ್ರ ವಾಲ್ಟರನ ಹೆಸರು ಬಂದಾಗ ಟೋಪಿ ತೆಗೆದರು. ಅವರಲ್ಲೊಬ್ಬ ಅಂದು ಅವಳ ಮಾತು ನಂಬಿ ತೀರ್ಮಾನ ಕೊಟ್ಟವನು. ಅವನು ಅವಳ ಹತ್ತಿರ ಬರಲಿಲ್ಲ, ಡಾನಾಳ ಹತ್ತಿರ ಹೋದ. ಡಾನಾ ಅವನ ಮಾತು ಕೇಳಿ, ತಲೆಯಾಡಿಸಿ, ಪಂದ್ಯ ಶುರುವಾಗುತ್ತದೆಂದು ದಿಬ್ಬಕ್ಕೆ ಮರಳಿದಳು.

ಹಿಂದಿರುಗುವಾಗ ಫ್ರೀವೇಯುದ್ದಕ್ಕೂ ತೆರೆಸಿತಾ ಕಿಟಕಿಯತ್ತ ಮುಖ ಮಾಡಿಯೇ ಕೂತಿದ್ದಳು. ದಾರಿಯಲ್ಲಿ ಸಿಕ್ಕ ಮೊದಲ ಬಾರ್ಟ್ ಸ್ಟೇಷನ್ನಿನಲ್ಲೇ ಇಳಿಸು, ರೈಲಿನಲ್ಲಿ ಹೋಗುತ್ತೇನೆ ಎಂದಳು. ಅವಳು ಲಿಫ್ಟಿನೊಳಗೆ ಹೋಗುವವರೆಗೂ ಉಮಾಶ್ರೀ ಕಾರು ನಿಲ್ಲಿಸಿಕೊಂಡಿದ್ದಳು.

ಮನೆಗೆ ಬಂದು ಗಂಡನಿಗೆ ಎಲ್ಲವನ್ನೂ ಹೇಳಿದಳು. ಶಶಿಧರ, “ಇಷ್ಟು ವರ್ಷ ನನಗ್ಯಾಕ ಹೇಳಲಿಲ್ಲ?” ಎಂದು ಕೇಳಿದ.

“ಹೇಳಿದ್ರ ನೀವು, ಹೋಗಿ ಖರೇ ಹೇಳಿ ಬಾ ಅಂತಿದ್ರಿ” ಎಂದಳು. “ಅದಕ್ಕ ಹೇಳಲಿಲ್ಲ.”

ಎರಡು ತಿಂಗಳು ತೆರೆಸಿತಾಳ ಫೋನು ಬರಲಿಲ್ಲ. ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಉಮಾಶ್ರೀ ತಾನೇ ಯೂನಿಯನ್ ಸಿಟಿಗೆ ಹೋಗಿ ಬಾಗಿಲು ತಟ್ಟಿದಳು. ತೆರೆಸಿತಾ ಬಾಗಿಲು ತೆಗೆದಳು. ಒಳಗೆ ಬಾ ಎನ್ನಲಿಲ್ಲ.

“ಇನ್ನೂ ಆಗಲ್ಲ, ಉಮಾ” ಎಂದಳು.

ಮತ್ತೆ ಬರುತ್ತೇನೆ ಎಂದು ಉಮಾಶ್ರೀ ಹೇಳಿದಳು. ಬರಬೇಡ ಎಂದು ತೆರೆಸಿತಾ ಹೇಳಲಿಲ್ಲ. ಮೆಲ್ಲಗೆ ಬಾಗಿಲು ಹಾಕಿಕೊಂಡಳು. ಉಮಾಶ್ರೀ ಕಾರಿಗೆ ಹೋಗಿ ಸ್ವಲ್ಪ ಹೊತ್ತು ಕೂತಿದ್ದು, ಮನೆಯ ದಾರಿ ಹಿಡಿದಳು.