ಏಕಾದಶಿಯ ಮಾತ್ರೆ

ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಆದರೂ ಕೊಪ್ಪದ ಹತ್ತಿರ ನಾನು ಕೆಲಸ ಮಾಡುವ ವೃದ್ಧಾಶ್ರಮದಲ್ಲಿ, ಮಲಗಿದವರನ್ನು ನೋವಾಗದ ಹಾಗೆ ಎಬ್ಬಿಸಿ ಕೂರಿಸಲು ಎಲ್ಲರೂ ಕರೆಯುವುದು ನನ್ನನ್ನೇ. ಮಾತ್ರೆ ಕೊಡುವುದು ಮಾತ್ರ ಸಿಸ್ಟರ್ ಕೆಲಸ.

ಅಲ್ಲಿ ಒಂದೇ ಕೋಣೆಯಲ್ಲಿ ಇಬ್ಬರು ಅಜ್ಜಿಯರಿದ್ದಾರೆ. ಶೃಂಗೇರಿ ಕಡೆಯವರಿಗೆ ಸಕ್ಕರೆ ಕಾಯಿಲೆ, ಎನ್.ಆರ್. ಪುರದವರಿಗೆ ಬರೀ ಬಿ.ಪಿ. ಒಬ್ಬರಿಗೆ ಬಾಳೆಹಣ್ಣು ಸಿಕ್ಕರೆ ಇನ್ನೊಬ್ಬರಿಗೆ ಅರ್ಧ ಪಾಲು.

ಒಂದು ಏಕಾದಶಿಯ ದಿನ, ಪುರದ ಅಜ್ಜಿ ತಿಂಡಿ ತಿಂದ ಸ್ವಲ್ಪ ಹೊತ್ತಿಗೆ ಮೈಯೆಲ್ಲ ಬೆವೆತು ನಡುಗತೊಡಗಿದರು. ಮಾತೂ ತೊದಲಿತು. ನಾನು ಸಿಸ್ಟರನ್ನು ಕೂಗಿದೆ. ಅವರು ಬೆರಳು ಚುಚ್ಚಿ ಪರೀಕ್ಷಿಸಿ, "ಶುಗರ್ ಪೂರಾ ಇಳಿದಿದೆ. ಇವರಿಗೆ ಶುಗರ್ ಮಾತ್ರೆಯೇ ಇಲ್ವಲ್ಲ!" ಎಂದು ಗಾಬರಿಯಾದರು. ಸಕ್ಕರೆ ನೀರು ಕುಡಿಸುತ್ತಲೇ ಡಾಕ್ಟರಿಗೆ ಫೋನ್ ಮಾಡಿದರು.

ಶೃಂಗೇರಿ ಅಜ್ಜಿ ಗೋಡೆಯ ಕಡೆ ತಿರುಗಿ ಜಪಮಣಿ ಹಿಡಿದು ಕೂತಿದ್ದರು. ಮಣಿ ಮುಂದಕ್ಕೆ ಹೋಗುತ್ತಿರಲಿಲ್ಲ. ನಾನು ಹತ್ತಿರ ಹೋಗಿ ಕೂತೆ.

"ಬೈಯೂದಿಲ್ಲ ಅಜ್ಜಿ. ಎಂತ ಕೊಟ್ರಿ ಹೇಳಿ. ಗೊತ್ತಾದ್ರೆ ಡಾಕ್ಟ್ರಿಗೆ ಸುಲಭ."

"ನನ್ನ ಮಾತ್ರೆನೇ ಮಾಣಿ. ನಂಗೆ ಉಪವಾಸ, ಖಾಲಿ ಹೊಟ್ಟೆಗೆ ತಗೊಳ್ಬಾರ್ದಲ್ಲ. ಸುಮ್ನೆ ಹಾಳು ಮಾಡೂದು ಎಂತಕ್ಕೆ? ಅವ್ಳು ಹೆಂಗೂ ತಿಂಡಿ ತಿಂತಿದ್ಲು. ಒಳ್ಳೇದಾಗ್ಲಿ ಅಂತ ಕೊಟ್ಟೆ." ಅವರು ಜಪಮಣಿ ಕೆಳಗಿಟ್ಟರು. "ಅವ್ಳಿಗೆ ಎಂತಾದ್ರೂ ಆದ್ರೆ?"

ಆ ಮಾತ್ರೆಯ ಸ್ಟ್ರಿಪ್ಪನ್ನೂ ತಗೊಂಡು ಕೊಪ್ಪದ ಆಸ್ಪತ್ರೆಗೆ ಹೋದೆವು. ಇದರ ಪ್ರಭಾವ ಬೇಗ ಇಳಿಯುವುದಿಲ್ಲ ಎಂದು ಡಾಕ್ಟರು ಅಜ್ಜಿಯನ್ನು ಮಾರನೇ ದಿನದವರೆಗೆ ಅಲ್ಲೇ ಇಟ್ಟುಕೊಂಡರು. ಸಿಸ್ಟರ್ ಪುರದ ಅಜ್ಜಿಯ ಮಗಳಿಗೆ ಫೋನ್ ಮಾಡಿ, ನಡೆದದ್ದನ್ನೆಲ್ಲ ಮುಚ್ಚಿಡದೆ ಹೇಳಿದರು.

ದ್ವಾದಶಿಯ ಬೆಳಿಗ್ಗೆ ಶೃಂಗೇರಿ ಅಜ್ಜಿಗೆ ನಾನೇ ಗದರಿಸಿ ಎರಡು ದೋಸೆ ತಿನ್ನಿಸಬೇಕಾಯಿತು. ಆಮೇಲೆ ಗೇಟಿನ ಹತ್ತಿರವೇ ನಿಂತುಬಿಟ್ಟರು.

ಪುರದ ಅಜ್ಜಿ ಕಾರಿನಿಂದ ಇಳಿದವರೇ, "ಏಕಾದಶಿ ನಿಂದು, ವೈಕುಂಠಕ್ಕೆ ನನ್ನ ಕಳಿಸ್ತಿದ್ಯಲ್ಲೇ ಮಾರಾಯ್ತಿ! ಇನ್ಮೇಲೆ ಬಾಳೆಹಣ್ಣು ಮಾತ್ರ ಕೊಡು" ಅಂದರು. ಶೃಂಗೇರಿ ಅಜ್ಜಿ ಅವರ ಕೈ ಹಿಡಿದುಕೊಂಡು ಒಳಗೆ ಕರೆತಂದರು. ಆ ಹೊತ್ತು ನನ್ನ ಸಹಾಯ ಯಾರಿಗೂ ಬೇಕಾಗಲಿಲ್ಲ.

ಈಗ ಉಪವಾಸದ ದಿನ ಯಾವ ಮಾತ್ರೆ ಎಂದು ಸಿಸ್ಟರ್ ಮೊದಲೇ ಡಾಕ್ಟರನ್ನು ಕೇಳುತ್ತಾರೆ. ಎಲ್ಲರೂ ಅವರೆದುರೇ ನುಂಗಬೇಕು. ಶೃಂಗೇರಿ ಅಜ್ಜಿ ನುಂಗಿದ ಮೇಲೆ ಪಕ್ಕದ ಮಂಚದ ಕಡೆ ತಿರುಗಿ ಬಾಯಿ ತೆರೆದು ತೋರಿಸುತ್ತಾರೆ.

"ನೋಡೇ, ಮಾತ್ರೆ ಉಂಟಾ?"

"ಮಾತ್ರೆ ಇಲ್ಲ ಮಾರಾಯ್ತಿ, ಹಲ್ಲೂ ಇಲ್ಲ."