ಕುಂಕುಮ ಹಚ್ಚಿದ ಬ್ಯಾಟರಿ

ಮೂಗಿನ ತುದಿಯಲ್ಲೇ ಸಿಟ್ಟು ಇರುವವಳು ನಾನು, ಮೊದಲೇ ಹೇಳಿಬಿಡುತ್ತೇನೆ. ಆದರೆ ಅವತ್ತಿನ ಸಿಟ್ಟಿಗೆ ಕಾರಣವಿತ್ತು. ಡ್ರೈವಿಂಗ್ ಟೆಸ್ಟಿನಲ್ಲಿ ಎರಡು ಸಲ ಫೇಲಾಗಿದ್ದೆ. ಮೂರನೆಯದು ಅವತ್ತು ಹನ್ನೊಂದಕ್ಕೆ, ದಾವಣಗೆರೆಯಲ್ಲಿ. ಈ ಸಲವೂ ತಪ್ಪಿದರೆ ಇನ್ನು ಸ್ಟೀರಿಂಗ್ ಮುಟ್ಟುವುದಿಲ್ಲ ಎಂದು ಸೊಸೆಯ ಮುಂದೆ ಆಣೆ ಬೇರೆ ಮಾಡಿದ್ದೆ.

ಹೊನ್ನಾಳಿಯಲ್ಲಿರುವ ಅವ್ವನನ್ನು ನೋಡಬೇಕು ಅನ್ನಿಸಿದಾಗಲೆಲ್ಲ ಗಂಡನಿಗೆ "ಯಾವಾಗ ಬಿಡುವು?" ಎಂದು ಕೇಳಿ ಕೇಳಿ ಸಾಕಾಗಿತ್ತು. ಬಸ್ಸಿದೆಯಲ್ಲ ಅನ್ನಬಹುದು. ಅವ್ವನಿಗೆ ನಾನು ಒಯ್ಯುವ ಗಂಟುಮೂಟೆ ನೋಡಿದರೆ ಕಂಡಕ್ಟರೇ ಬಾಗಿಲು ಹಾಕಿಕೊಳ್ಳುತ್ತಾನೆ. ಒಂದು ಸಲವಾದರೂ ಯಾರನ್ನೂ ಕೇಳದೆ ಹೋಗಿ ತವರಿನ ಬಾಗಿಲಲ್ಲಿ ಇಳಿಯಬೇಕು, ಅಷ್ಟೇ ನನ್ನ ಆಸೆ.

ಬೆಳಿಗ್ಗೆ ಎಂಟಕ್ಕೆ ಕೀಲಿ ತಿರುಗಿಸಿದರೆ ಕಾರು "ಟಿಕ್" ಎಂದಿತು. ಮತ್ತೆ ತಿರುಗಿಸಿದೆ. ಮತ್ತೆ "ಟಿಕ್". ಹಾರ್ನ್ ಒತ್ತಿದರೆ ನೆಗಡಿಯಾದವರ ದನಿ.

"ಬ್ಯಾಟರಿ ಹೋಗೈತೆ ಕಣೇ," ಎಂದರು ನನ್ನವರು, ತಣ್ಣಗೆ.

ಪಕ್ಕದ ಮನೆಯ ಸಾಹೇಬರನ್ನು ಕಾಂಪೌಂಡಿನಿಂದಲೇ ಕೂಗಿದೆ. ನಮ್ಮ ಚನ್ನಗಿರಿಯಲ್ಲೇ ಗಾಡಿಗಳ ಸೀಟು ಹೊಲಿಯುವ ಅಂಗಡಿ ಅವರದು; ಇಂಜಿನ್ ಕೆಲಸವೂ ಅಷ್ಟಿಷ್ಟು ಗೊತ್ತು. ಅರ್ಧ ಕುಡಿದ ಚಹಾ ಬಿಟ್ಟು, ತಮ್ಮ ಗೂಡ್ಸ್ ಗಾಡಿಯನ್ನು ನಮ್ಮ ಕಾರಿನ ಮೂತಿಗೆ ತಂದು ನಿಲ್ಲಿಸಿ, ಕೆಂಪು ಕಪ್ಪು ಕೇಬಲ್ ಹಿಡಿದು ಇಳಿದರು. ಬಾನೆಟ್ ಎತ್ತಿ ಒಳಗೆ ನೋಡಿದವರು ಯಾಕೋ ತಲೆ ಕೆರೆದುಕೊಂಡರು. ಆಮೇಲೆ ದೇವರ ಮೇಲಿನ ಹೂವು ಎತ್ತುವ ಹಾಗೆ ಮೆಲ್ಲಗೆ, ಅಂಚಿನಲ್ಲಿ ಕ್ಲಿಪ್ಪು ಕಚ್ಚಿಸಿದರು. "ಸೆಲ್ಫ್ ಹೊಡೀರಿ ಅಕ್ಕಾರೆ."

"ಟಿಕ್."

"ನಮ್ ಕೇಬಲ್ಲೇ ಹಳೇದು ಬಿಡ್ರಿ," ಎಂದು ಗೂಡ್ಸ್ ಗಾಡಿಗಳ ಸ್ಟ್ಯಾಂಡಿಗೆ ಹೋಗಿ ಇನ್ನೊಂದು ತಂದರು. ಅದರಲ್ಲೂ ಅದೇ. ಗಂಟೆ ಒಂಬತ್ತಾಯಿತು. ನನ್ನ ಕಣ್ಣಲ್ಲಿ ನೀರು ಬಂತು, ಜೊತೆಗೇ ಸಿಟ್ಟೂ ಬಂತು. ಇಳಿದು ಹೋಗಿ ನಾನೇ ಬಗ್ಗಿ ನೋಡಿದೆ.

ಹೋದ ವಾರ ಆಯುಧಪೂಜೆ. ನನ್ನ ಗಂಡನ ಭಕ್ತಿ ಅಳತೆ ಮೀರಿದ್ದು. ಬ್ಯಾಟರಿಯ ವೈರು ಬಿಚ್ಚಿ, ವೈರು ಕೂರುವ ಆ ಎರಡು ಸೀಸದ ತುದಿಗಳಿಗೆ ಎಣ್ಣೆಯಲ್ಲಿ ಕಲಸಿದ ಅರಿಶಿನ ಕುಂಕುಮ ಗಟ್ಟಿಯಾಗಿ ಮೆತ್ತಿ, ಅದರ ಮೇಲೇ ವೈರು ತೊಡಿಸಿದ್ದಾರೆ! ಕರೆಂಟು ಹಾಯುವುದಾದರೂ ಹೇಗೆ?

"ನಿಮಗಿದು ಕಾಣಲಿಲ್ಲವಾ?" ಎಂದೆ ಸಾಹೇಬರಿಗೆ.

ಅವರು ನೆಲ ನೋಡಿದರು. "ಬಂದ ತಕ್ಷಣ ಕಾಣ್ತು ಅಕ್ಕಾರೆ. ಪೂಜೆ ಮಾಡಿರೋದು. ನಮಾಜ್ ಮಾಡೋನು ನಾನು, ಹೆಂಗ್ ಒರೆಸಾಕೆ ಆಗ್ತೈತೆ?"

ಅಯ್ಯೋ ನನ್ನ ಕರ್ಮವೇ! ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅಂತ ಕೇಳಿದ್ದೆ. ನನ್ನ ಪೂಜಾರಿ ಮನೆಯಲ್ಲೇ ಇದ್ದರು. ಅವರ ಕಡೆ ತಿರುಗಿದೆ.

"ಈಗಲೇ ಒರೆಸಿದರೆ ದೇವರು..." ಎಂದು ರಾಗ ಎಳೆದರು.

"ದೇವರಿಗೆ ಲೈಸೆನ್ಸ್ ಬೇಕಾಗಿಲ್ಲ, ನನಗೆ ಬೇಕು!"

ಬಿಸಿನೀರಿಗೆ ಅಡುಗೆ ಸೋಡಾ ಹಾಕಿ, ಹಳೇ ಹಲ್ಲುಜ್ಜುವ ಬ್ರಷ್ಷು ತಂದೆ. ಸಾಹೇಬರು ಕಪ್ಪು ವೈರು ಮೊದಲು, ಕೆಂಪು ಆಮೇಲೆ ಬಿಚ್ಚಿಕೊಟ್ಟರು. ಸೀಸ ಹೊಳೆಯುವ ತನಕ ನಾನು ಉಜ್ಜಿದೆ. ಕೆಂಪಾಗಿ ಸೋರಿದ ನೀರನ್ನು ಅವರು ಕೆಳಗೆ ಮಗ್ಗು ಹಿಡಿದು ತುಂಬಿಕೊಳ್ಳುತ್ತಿದ್ದರು. ಅದನ್ನು ಚರಂಡಿಗೆ ಚೆಲ್ಲಲು ಹೋದ ನನ್ನವರನ್ನು ತಡೆದು, "ಕಾಲಡಿ ಹೋಗಬಾರ್ದು ರೀ," ಎಂದು ತಾವೇ ಒಯ್ದು, ಯಾರೂ ತುಳಿಯದ ಕಾಂಪೌಂಡಿನ ಮೂಲೆಯಲ್ಲಿ ಸುರಿದು ಬಂದರು. ನನ್ನ ಸಿಟ್ಟು ಅಲ್ಲೇ ಅರ್ಧ ಇಳಿಯಿತು. ಇಂಥವರ ಮೇಲೆ ಎಷ್ಟು ಹೊತ್ತು ಕೋಪ ಇಟ್ಟುಕೊಳ್ಳುವುದು?

ವೈರು ಬಿಗಿದು, ಕೇಬಲ್ ಗಟ್ಟಿಯಾಗಿ ಕಚ್ಚಿಸಿದರು. ಮೊದಲ ತಿರುವಿಗೇ ಕಾರು ಗುರ್ ಎಂದಿತು.

"ಬ್ಯಾಟರಿ ಚೆನ್ನಾಗೈತೆ, ಹೊಟ್ಟೆಗೆ ಇಲ್ದೆ ಮಲಗಿತ್ತು. ದಾರೀಲಿ ಎಲ್ಲೂ ಆಫ್ ಮಾಡಬ್ಯಾಡ್ರಿ, ತುಂಬ್ಕೊಳ್ತೈತೆ."

ನನ್ನವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ; ದಾರಿಯಲ್ಲಿ ಎಲ್ಲೂ ಆಫ್ ಮಾಡಲಿಲ್ಲ. ಆದರೆ ಟೆಸ್ಟಿನ ಮೈದಾನದಲ್ಲಿ ಸಾಹೇಬರ ಮಾತು ಇನ್ಸ್‌ಪೆಕ್ಟರಿಗೆ ಗೊತ್ತಿರುತ್ತದೆಯೇ? "ಇಂಜಿನ್ ಆಫ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಮ್ಮ," ಎಂದರು. ಕಣ್ಣು ಮುಚ್ಚಿ ಕೀಲಿ ತಿರುಗಿಸಿದೆ. ಸ್ಟಾರ್ಟ್ ಆಯಿತು. ಆಮೇಲೆ ಏನೇನು ಮಾಡಿಸಿದರೋ ನೆನಪಿಲ್ಲ, ಪಾಸಾದೆ.

ಲೈಸೆನ್ಸ್ ಕೈಗೆ ಬಂದ ಮೇಲಿನ ಭಾನುವಾರ, ಯಾರನ್ನೂ ಕೇಳದೆ ಹೊನ್ನಾಳಿಗೆ ಹೋದೆ. ಕಾರಿನ ಸದ್ದಿಗೆ ಅವ್ವ ಹೊರಗೆ ಬಂದು, ಪಕ್ಕದ ಸೀಟು ಇಣುಕಿದಳು.

"ಅಳಿಯಂದಿರು ಎಲ್ಲಿ?"

"ಬಂದಿಲ್ಲ. ನಾನೊಬ್ಬಳೇ ಬಂದೆ ಅವ್ವ."

ಅವಳು ಒಳಗೆ ಹೋಗಿ, ಕುಂಕುಮದ ಭರಣಿ ಹಿಡಿದು ಬಂದಳು. "ಗಾಡಿಗೆ ಎಲ್ಲಿ ಹಚ್ಚಲೇ?"

ಅವಳ ಕೈ ಹಿಡಿದು, "ಗಾಡಿಗೆ ಬ್ಯಾಡ, ನನಗೆ ಹಚ್ಚು," ಎಂದು ಹಣೆ ಕೊಟ್ಟೆ.